ಚರ್ಮದ ದದ್ದಿಗೆ ಆಯುರ್ವೇದ: ಲೇಪವೋ, ಎಣ್ಣೆಯೋ, ಕಷಾಯವೋ, ಪಂಚಕರ್ಮವೋ?

ಮೈಮೇಲೆ ದದ್ದು ಎದ್ದಿದೆ ಅಂದರೆ ಸಾಕು, ಸಲಹೆಗೆ ಬರವಿಲ್ಲ. ಬೇವಿನೆಲೆ ಅರೆದು ಹಚ್ಚು ಅಂತ ಒಬ್ಬರು, ರಕ್ತಶುದ್ಧಿಗೆ ಕಷಾಯ ಕುಡಿ ಅಂತ ಇನ್ನೊಬ್ಬರು, ಪಿತ್ತ ಜಾಸ್ತಿಯಾಗಿದೆ, ಭೇದಿಗೆ ತಗೋ ಅಂತ ಮತ್ತೊಬ್ಬರು. ಇವೆಲ್ಲಕ್ಕೂ ಆಯುರ್ವೇದದಲ್ಲಿ ಜಾಗ ಇದೆ. ಆದರೆ ಎಲ್ಲವೂ ಒಂದೇ ದದ್ದಿಗಲ್ಲ. ಒಣಗಿ ಬಿರಿದ ಚರ್ಮಕ್ಕೆ ಹಿತವಾದದ್ದು ಬೆವರುಸಾಲೆಗೆ ಹಚ್ಚಿದರೆ ಗುಳ್ಳೆ ದುಪ್ಪಟ್ಟಾಗುತ್ತದೆ.

ನನ್ನ ಪ್ರಕಾರ ಯಾವ ಗಿಡಮೂಲಿಕೆ ಅನ್ನುವುದು ಎರಡನೆಯ ಪ್ರಶ್ನೆ. ಅದನ್ನು ಯಾವ ರೂಪದಲ್ಲಿ ಕೊಡಬೇಕು ಅನ್ನುವುದು ಮೊದಲನೆಯದು. ಅದೇ ಬೇವು ಲೇಪವಾಗಿ ಮಾಡುವ ಕೆಲಸ ಬೇರೆ, ಎಣ್ಣೆಯಾಗಿ ಬೇರೆ, ತೊಳೆಯುವ ನೀರಾಗಿ ಬೇರೆ, ಹೊಟ್ಟೆಗೆ ಹೋದರೆ ಮತ್ತೂ ಬೇರೆ. ಹಾಗಾಗಿ ಈ ಹೋಲಿಕೆಯನ್ನು ಮೂಲಿಕೆಗಳ ಲೆಕ್ಕದಲ್ಲಿ ಮಾಡಿಲ್ಲ, ವಿಧಾನಗಳ ಲೆಕ್ಕದಲ್ಲಿ ಮಾಡಿದ್ದೇನೆ.

ಮೊದಲು ದದ್ದನ್ನು ಸರಿಯಾಗಿ ನೋಡಿ

ಚರಕ ಸಂಹಿತೆ ಚರ್ಮರೋಗಗಳನ್ನು 18 ಬಗೆಯಾಗಿ ವಿಂಗಡಿಸುತ್ತದೆ: 7 ದೊಡ್ಡವು, 11 ಚಿಕ್ಕವು. ಇಸುಬು (ಎಕ್ಸಿಮಾ), ಕಜ್ಜಿ, ಹುಳುಕಡ್ಡಿಯಂಥವು ಚಿಕ್ಕವುಗಳ ಗುಂಪಿಗೆ ಬರುತ್ತವೆ. ಪಿತ್ತಗಂಧೆಯನ್ನು ಮಾಧವ ನಿದಾನ ಅನ್ನುವ ರೋಗಲಕ್ಷಣಗಳ ಹಳೆಯ ಗ್ರಂಥ ಶೀತಪಿತ್ತ ಅಂತ ಬೇರೆಯಾಗಿಯೇ ವಿವರಿಸುತ್ತದೆ. ಅಷ್ಟು ಹಿಂದೆಯೇ ಇಷ್ಟು ಬಿಡಿಸಿ ನೋಡಿದ್ದಾರೆ ಅಂದರೆ, ಎಲ್ಲ ದದ್ದಿಗೂ ಒಂದೇ ಡಬ್ಬಿ ಅನ್ನುವ ಜಾಹೀರಾತು ಆಯುರ್ವೇದಕ್ಕೇ ವಿರುದ್ಧ ಅಲ್ವಾ?

ಬರಿಗಣ್ಣಿಗೆ ಕಾಣುವ ಗುರುತುಗಳು ಸಾಕಷ್ಟಿವೆ. ಪಿತ್ತಗಂಧೆ ಉಬ್ಬಿಕೊಂಡು, ಕೆಂಪಾಗಿ, ವಿಪರೀತ ತುರಿಸುತ್ತದೆ. ಆದರೆ ಒಂದು ಜಾಗದಲ್ಲಿ ಎದ್ದದ್ದು ಸಾಮಾನ್ಯವಾಗಿ 24 ಗಂಟೆಯೊಳಗೆ ಗುರುತೇ ಇಲ್ಲದೆ ಇಳಿದು, ಇನ್ನೊಂದು ಕಡೆ ಏಳುತ್ತದೆ. ಒಂದು ದದ್ದಿನ ಸುತ್ತ ಪೆನ್ನಿನಿಂದ ಗೆರೆ ಎಳೆದು ಮರುದಿನ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಇಸುಬು ಹಾಗಲ್ಲ, ಅದು ಮೊಣಕೈ ಮಡಿಕೆ, ಮೊಣಕಾಲ ಹಿಂಭಾಗ, ಕತ್ತು, ಕೈಬೆರಳುಗಳಲ್ಲಿ ಕೂತುಬಿಡುತ್ತದೆ. ಒಮ್ಮೆ ಒಣಗಿ ಬಿರಿಯುತ್ತದೆ, ಒಮ್ಮೆ ನೀರು ಒಸರುತ್ತದೆ. ಹುಳುಕಡ್ಡಿ ಉಂಗುರದ ಹಾಗೆ ಹರಡುತ್ತದೆ. ಅಂಚು ಕೆಂಪು, ನಡುಭಾಗ ತಿಳಿ. ಕಜ್ಜಿಯಾದರೆ ಬೆರಳುಸಂದಿ, ಮಣಿಕಟ್ಟು, ಸೊಂಟದ ಸುತ್ತ ರಾತ್ರಿ ಹೊತ್ತು ನವೆ ಹೆಚ್ಚು, ಮನೆಯಲ್ಲಿ ಇನ್ನೊಬ್ಬರಿಗೂ ಇರುತ್ತದೆ. ಬೆವರುಸಾಲೆ ಸೆಕೆಗೆ, ಬಟ್ಟೆ ಒತ್ತುವ ಕಡೆ, ಸಾಸಿವೆ ಚೆಲ್ಲಿದಂತೆ ಏಳುತ್ತದೆ.

ಪಿತ್ತಗಂಧೆಯ ವಿಷಯದಲ್ಲಿ ಒಂದು ಎಚ್ಚರ ಬೇಕು. ಹೊಸದಾಗಿ ಶುರುವಾದ ಗಂಧೆ ಹೆಚ್ಚಿನವರಲ್ಲಿ ಕೆಲವು ದಿನಗಳಲ್ಲಿ, ಬಹಳ ಆದರೆ 6 ವಾರದೊಳಗೆ ತಾನಾಗಿಯೇ ನಿಲ್ಲುತ್ತದೆ. ಹಾಗಾಗಿ ಕೊನೆಯಲ್ಲಿ ಏನು ತಗೊಂಡಿದ್ದರೋ ಅದಕ್ಕೇ ಹೆಸರು ಬರುತ್ತದೆ. ಪಕ್ಕದ ಮನೆಯವರಿಗೆ ಮೂರೇ ದಿನದಲ್ಲಿ ವಾಸಿಯಾಯಿತು ಅನ್ನುವ ಮಾತನ್ನು ನಂಬಿ ವಿಧಾನ ಆರಿಸಬೇಡಿ. ಅವರ ದದ್ದು ಯಾವುದಿತ್ತು ಅನ್ನುವುದೇ ನಮಗೆ ಗೊತ್ತಿರುವುದಿಲ್ಲ.

ಹೋಲಿಸುತ್ತಾ ಕೂರಬಾರದ ದದ್ದುಗಳು

ದದ್ದಿನ ಜೊತೆ ತುಟಿ, ನಾಲಿಗೆ ಊದಿಕೊಂಡರೆ ಅಥವಾ ಉಸಿರು ಕಟ್ಟಿದರೆ ಅದು ತುರ್ತು ಸ್ಥಿತಿ. ತಕ್ಷಣ ಆಸ್ಪತ್ರೆಗೆ ಹೋಗಬೇಕು. ಜ್ವರದ ಜೊತೆ ಬಂದ ಕೆಂಪು ಅಥವಾ ನೇರಳೆ ಚುಕ್ಕೆಗಳ ಮೇಲೆ ಗಾಜಿನ ಲೋಟ ಒತ್ತಿ ನೋಡಿ, ಬಣ್ಣ ಮಾಯವಾಗದಿದ್ದರೆ ಅದೂ ಅಷ್ಟೇ. ಹೊಸ ಮಾತ್ರೆ ಶುರುಮಾಡಿದ ಮೇಲೆ ಚರ್ಮ ಸುಲಿದು ಬಾಯಿ, ಕಣ್ಣು ಹುಣ್ಣಾದರೂ ಅಷ್ಟೇ.

ಸರ್ಪಸುತ್ತಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಮೈಯ ಒಂದೇ ಬದಿಗೆ ಪಟ್ಟಿಯ ಹಾಗೆ ನೀರುಗುಳ್ಳೆ ಎದ್ದು ಉರಿಯುತ್ತದಲ್ಲ, ಅದು. ಕೆಮ್ಮಣ್ಣು ಹಚ್ಚುವುದು, ಮಂತ್ರ ಹಾಕಿಸುವುದು ಹಿಂದಿನಿಂದ ನಡೆದುಬಂದಿದೆ. ಆದರೆ ವೈರಸ್ ತಡೆಯುವ ಮಾತ್ರೆ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಗುಣ ಹೆಚ್ಚು. ಲೇಪ ಹಚ್ಚುತ್ತಾ ಕೂತರೆ ಆ ಮೂರು ದಿನ ಕಳೆದುಹೋಗುತ್ತದೆ. ಕಣ್ಣಿನ ಹತ್ತಿರ ಎದ್ದಿದ್ದರಂತೂ ಒಂದು ದಿನವೂ ಕಾಯಬೇಡಿ.

ಲೇಪ: ಉರಿ, ಊತ, ಬಿಸಿಗೆ

ಅರೆದು ಹಚ್ಚುವ ಲೇಪದ ಮುಖ್ಯ ಕೆಲಸ ತಂಪು ಮಾಡುವುದು, ತೇವ ಹೀರುವುದು. ಬೆವರುಸಾಲೆಗೆ, ಬಿಸಿಲಿಗೆ ಕೆಂಪಾದ ಚರ್ಮಕ್ಕೆ, ಕೀಟ ಕಚ್ಚಿ ಊದಿದ್ದಕ್ಕೆ ತೇಯ್ದ ಗಂಧ, ಲೋಳೆಸರದ ತಿರುಳು, ಗರಿಕೆಯ ರಸ ಹಿತ. ಲೋಳೆಸರ ಕೊಯ್ದಾಗ ಸಿಪ್ಪೆಯ ಕೆಳಗಿಂದ ಹಳದಿ ರಸ ಜಿನುಗುತ್ತದೆ. ಅದು ತುರಿಸುತ್ತದೆ. ಎಲೆಯನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಆ ರಸ ಇಳಿದುಹೋದ ಮೇಲೆ ಒಳಗಿನ ತಿಳಿ ತಿರುಳನ್ನಷ್ಟೇ ತಗೊಳ್ಳಿ.

ಲೇಪಕ್ಕೆ ಹಳೆಯ ಗ್ರಂಥಗಳು ಹಾಕಿದ ನಿಯಮಗಳನ್ನು ಈಗ ಯಾರೂ ಹೇಳುವುದಿಲ್ಲ. ಆಗಿಂದಾಗ್ಗೆ ಹೊಸದಾಗಿ ಅರೆಯಬೇಕು. ರೋಮ ಇರುವ ದಿಕ್ಕಿಗೆ ಎದುರಾಗಿ ಹಚ್ಚಬೇಕು. ರಾತ್ರಿ ಹಚ್ಚಿ ಮಲಗಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಪೂರ್ತಿ ಒಣಗುವ ಮುಂಚೆಯೇ ತೆಗೆಯಬೇಕು. ಈ ಕೊನೆಯ ನಿಯಮ ಎಷ್ಟು ಸರಿ ಅಂತ ಹಚ್ಚಿದವರಿಗೆ ತಕ್ಷಣ ಗೊತ್ತಾಗುತ್ತದೆ. ಹಸಿಯಾಗಿದ್ದಾಗ ತಣ್ಣಗಿದ್ದ ಲೇಪ, ಒಣಗಿ ಬಿರಿಯುವಾಗ ಚರ್ಮವನ್ನು ಎಳೆಯುತ್ತದೆ. ಆ ಎಳೆತವೇ ಹೊಸದಾಗಿ ತುರಿಕೆ ಎಬ್ಬಿಸುತ್ತದೆ.

ಅದಕ್ಕೇ ಒಣ ಇಸುಬಿಗೆ ಲೇಪ ಬೇಡ ಅನ್ನುತ್ತೇನೆ. ಅಲ್ಲಿ ಚರ್ಮದ ಪದರವೇ ಬಿರುಕು ಬಿಟ್ಟಿರುತ್ತದೆ. ಇರುವ ತೇವವನ್ನೂ ಹೀರಿಬಿಟ್ಟರೆ ಇನ್ನಷ್ಟು ಬಿರಿಯುತ್ತದೆ.

ಕಜ್ಜಿಗೆ ಬೇವು ಮತ್ತು ಅರಿಶಿನದ ಲೇಪಕ್ಕೆ ಒಂದಿಷ್ಟು ಆಧಾರ ಇದೆ. 1992ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 814 ಜನರಿಗೆ ಈ ಲೇಪ ಹಚ್ಚಿದ್ದರು. 97 ಶೇಕಡಾ ಜನರಿಗೆ 3ರಿಂದ 15 ದಿನದಲ್ಲಿ ವಾಸಿಯಾಯಿತು ಅಂತ ವರದಿಯಾಗಿದೆ. ಆದರೆ ಅದು ಆರಂಭಿಕ ಹಂತದ ಅಧ್ಯಯನ. ಅದರ ಎದುರಿಗೆ ಕಜ್ಜಿಯ ಹುಳ ಕೊಲ್ಲುವ ಪರ್ಮೆಥ್ರಿನ್ 5 ಶೇಕಡಾ ಕ್ರೀಮ್ ಇದೆ. ರಾತ್ರಿ ಕತ್ತಿನಿಂದ ಕಾಲಿನವರೆಗೆ ಹಚ್ಚಿ ಬೆಳಿಗ್ಗೆ ತೊಳೆಯುವುದು, ಒಂದು ವಾರ ಬಿಟ್ಟು ಇನ್ನೊಮ್ಮೆ. ಮನೆಮಂದಿಯೆಲ್ಲ ಒಟ್ಟಿಗೇ ಮಾಡಿ ಮುಗಿಸಬೇಕಾದ ಕೆಲಸ ಇದು. ನಾಲ್ಕೈದು ಜನ ದಿನಾ ಮೈತುಂಬ ಅರಿಶಿನ ಬಳಿದುಕೊಂಡು ಎರಡು ವಾರ ಇರುವುದು ಎಷ್ಟು ಮನೆಯಲ್ಲಿ ಸಾಧ್ಯ? ಕಜ್ಜಿಗೆ ನಾನು ಕ್ರೀಮನ್ನೇ ಹೇಳುತ್ತೇನೆ. ಆಮೇಲೆ ಎರಡರಿಂದ ನಾಲ್ಕು ವಾರ ಉಳಿಯುವ ತುರಿಕೆಗೆ ಬೇವಿನ ನೀರು, ಎಣ್ಣೆ ಚೆನ್ನಾಗಿ ಒದಗುತ್ತವೆ.

ತೊಳೆಯುವ ಕಷಾಯ: ಒಸರುವ ದದ್ದಿಗೆ

ನೀರು ಒಸರುವ, ಅಂಟಂಟಾದ ದದ್ದಿಗೆ ಎಣ್ಣೆಯೂ ಹಿಡಿಯುವುದಿಲ್ಲ, ಲೇಪವೂ ನಿಲ್ಲುವುದಿಲ್ಲ. ಅಲ್ಲಿ ಬೇಕಾದದ್ದು ಒಗರು. ತ್ರಿಫಲ, ಅಥವಾ ಆಲ, ಅತ್ತಿ, ಅರಳಿ, ಬಸರಿ ಮುಂತಾದ ಮರಗಳ ತೊಗಟೆಯ ಪಂಚವಲ್ಕಲ. ಇವುಗಳಲ್ಲಿರುವ ಟ್ಯಾನಿನ್ ಒಸರುವುದನ್ನು ಕಟ್ಟುತ್ತದೆ, ಮೇಲ್ಪದರವನ್ನು ಬಿಗಿ ಮಾಡುತ್ತದೆ.

ಒಂದು ಪಾಲು ತೊಗಟೆಪುಡಿಗೆ ಹದಿನಾರು ಪಾಲು ನೀರು ಹಾಕಿ, ಕಾಲುಭಾಗಕ್ಕೆ ಇಳಿಸಿ, ಸೋಸಿ, ಪೂರ್ತಿ ಆರಿಸಿ. ಶುದ್ಧ ಹತ್ತಿಬಟ್ಟೆ ಅದ್ದಿ, ಹಗುರವಾಗಿ ಹಿಂಡಿ, ಒಸರುವ ಜಾಗದ ಮೇಲೆ ಹತ್ತು ಹದಿನೈದು ನಿಮಿಷ ಇಡಿ. ದಿನಕ್ಕೆ ಎರಡು ಸಲ. ಅದೇ ದಿನದ ಕಷಾಯ ಅದೇ ದಿನಕ್ಕೆ, ಉಳಿದದ್ದು ಚೆಲ್ಲಿ. ಬಟ್ಟೆಗೆ ಕಲೆ ಹಿಡಿಯುತ್ತದೆ, ಹಳೆಯದನ್ನೇ ಬಳಸಿ. ಒಸರುವುದು ನಿಂತ ದಿನವೇ ಇದನ್ನು ನಿಲ್ಲಿಸಿ ಎಣ್ಣೆಗೆ ಬನ್ನಿ. ಮುಂದುವರಿಸಿದರೆ ಚರ್ಮ ಒಣಗುತ್ತದೆ.

ಎಲ್ಲ ವಿಧಾನಗಳಲ್ಲಿ ಜನ ತೀರಾ ಕಡೆಗಣಿಸಿರುವುದು ಇದನ್ನೇ. ಡಬ್ಬಿಯಲ್ಲಿ ಸಿಗುವುದಿಲ್ಲ, ಕಾಯಿಸುವ ಕೆಲಸ ಇದೆ. ಆದರೂ ಇಷ್ಟು ಕಡಿಮೆ ಅಪಾಯದ ವಿಧಾನ ಇನ್ನೊಂದಿಲ್ಲ. ಕೀವಾಗಿದ್ದರೆ, ಸುತ್ತ ಬಿಸಿಯಾಗಿ ಕೆಂಪು ಹರಡುತ್ತಿದ್ದರೆ ಮಾತ್ರ ಇದೊಂದರಿಂದ ಆಗದು, ವೈದ್ಯರಿಗೆ ತೋರಿಸಬೇಕು.

ಎಣ್ಣೆ, ತುಪ್ಪ: ಒಣಗಿದ, ಬಿರಿದ ಚರ್ಮಕ್ಕೆ

ಒಣ ಇಸುಬಿಗೆ ನನ್ನ ಮೊದಲ ಆಯ್ಕೆ ಇದೇ. ಔಷಧಿ ಹಾಕಿದ ಎಣ್ಣೆಗೂ ಮುಂಚೆ ಬರೀ ಕೊಬ್ಬರಿ ಎಣ್ಣೆಯ ಬಗ್ಗೆಯೇ ಹೇಳಬೇಕು. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಸುಬು ಇದ್ದ 117 ಮಕ್ಕಳನ್ನು ಎರಡು ಗುಂಪು ಮಾಡಿ, 8 ವಾರ ಒಂದು ಗುಂಪಿಗೆ ಶುದ್ಧ ಕೊಬ್ಬರಿ ಎಣ್ಣೆ, ಇನ್ನೊಂದಕ್ಕೆ ಮಿನರಲ್ ಆಯಿಲ್ ಹಚ್ಚಿದರು. ಕೊಬ್ಬರಿ ಎಣ್ಣೆಯ ಗುಂಪಿನಲ್ಲೇ ಗುಣ ಜಾಸ್ತಿ ಕಂಡಿತು. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಹಾಗಲ್ಲ. ಅವು ಚರ್ಮದ ಮೇಲ್ಪದರವನ್ನು ಸಡಿಲಿಸುತ್ತವೆ, ಇಸುಬಿಗೆ ಬೇಡ.

ಔಷಧಿ ಎಣ್ಣೆಗಳಲ್ಲಿ ಸೌಮ್ಯವಾದವು, ಖಾರವಾದವು ಅಂತ ಎರಡು ಬಗೆ. ಗರಿಕೆಯ ದೂರ್ವಾದಿ, ತೊಗಟೆಗಳ ನಾಲ್ಪಾಮರಾದಿ ಸೌಮ್ಯ. ಕೆಂಪಾದ, ತುರಿಸುವ ಚರ್ಮಕ್ಕೆ ಇವು. ಮೆಣಸು ಸೇರಿದ ಮರೀಚ್ಯಾದಿ ತೈಲ ಖಾರದ್ದು. ದಪ್ಪಗಟ್ಟಿದ ಹಳೆಯ ಪಟ್ಟೆಗಳಿಗೆ ವೈದ್ಯರು ಕೊಡುತ್ತಾರೆ. ಅದನ್ನು ಉರಿಯುವ ಹಸಿ ದದ್ದಿಗೆ ಹಚ್ಚಿದರೆ ಬೆಂಕಿ ಇಟ್ಟ ಹಾಗಾಗುತ್ತದೆ. ಅಂಗಡಿಯಲ್ಲಿ ಎರಡೂ ಚರ್ಮರೋಗಕ್ಕೆ ಅಂತಲೇ ಇರುತ್ತವೆ, ಅದೇ ತೊಂದರೆ.

ಉರಿಗೂ ಒಣಗುವುದಕ್ಕೂ ಒಟ್ಟಿಗೇ ಆಗುವಂಥದ್ದು ಶತಧೌತ ಘೃತ, ಅಂದರೆ ನೂರು ಸಲ ತೊಳೆದ ತುಪ್ಪ. ತಾಮ್ರದ ಅಗಲ ಪಾತ್ರೆಗೆ ತುಪ್ಪ ಹಾಕಿ, ತಣ್ಣೀರು ಸುರಿದು, ಅಂಗೈಯಿಂದ ವೃತ್ತಾಕಾರವಾಗಿ ಉಜ್ಜುತ್ತಾರೆ. ಸ್ವಲ್ಪ ಹೊತ್ತಿಗೆ ನೀರು ಬಗ್ಗಿಸಿ ಹೊಸ ನೀರು. ಹೀಗೆ ನೂರು ಸಲ. ಮೊದಮೊದಲು ತುಪ್ಪ ಜಾರುತ್ತದೆ, ಹರಳುಹರಳಾಗಿ ಕೈಗೆ ಸಿಗುತ್ತದೆ. ತೊಳೆಯುತ್ತಾ ಹೋದಂತೆ ಹಳದಿ ಹೋಗಿ ಬಿಳಿಯಾಗುತ್ತದೆ, ತುಪ್ಪದ ವಾಸನೆಯೂ ಹೋಗುತ್ತದೆ. ಕೊನೆಗೆ ಬೆಣ್ಣೆಗಿಂತ ನುಣುಪಾದ, ಮುಟ್ಟಿದರೆ ತಣ್ಣಗಿರುವ ಮುಲಾಮು ಉಳಿಯುತ್ತದೆ. ತುಪ್ಪದೊಳಗೆ ನೀರಿನ ಸಣ್ಣ ಸಣ್ಣ ಹನಿಗಳು ಸೇರಿಕೊಂಡಿರುವುದರಿಂದ ಈ ತಂಪು. ಬಿಸಿಲಿಗೆ ಸುಟ್ಟ ಚರ್ಮಕ್ಕೆ, ಉರಿಯುವ ಇಸುಬಿಗೆ ಇದು ಬಹಳ ಹಿತ. ಇದು ಹಚ್ಚುವುದಕ್ಕೆ ಮಾತ್ರ, ತಿನ್ನುವುದಕ್ಕಲ್ಲ. ನೀರಿನಂಶ ಇರುವುದರಿಂದ ಬೇಗ ಕೆಡುತ್ತದೆ. ಸ್ವಲ್ಪಸ್ವಲ್ಪವೇ ಮಾಡಿಕೊಳ್ಳಿ, ಇಲ್ಲವೇ ಚಿಕ್ಕ ಡಬ್ಬಿ ತಗೊಳ್ಳಿ.

ಬೆವರುಸಾಲೆಗೆ ಮಾತ್ರ ಎಣ್ಣೆ, ತುಪ್ಪ ಎರಡೂ ಬೇಡ. ಅಲ್ಲಿ ಬೆವರಿನ ರಂಧ್ರ ಕಟ್ಟಿಕೊಂಡಿರುವುದೇ ರೋಗ. ಹುಳುಕಡ್ಡಿಗೆ ಹೊಂಗೆ ಎಣ್ಣೆ ಹಚ್ಚುವ ರೂಢಿ ಇದೆ. ಆದರೆ ಈಗ ಭಾರತದಲ್ಲಿ ಹರಡಿರುವ ಹುಳುಕಡ್ಡಿಯ ಶಿಲೀಂಧ್ರ, ಮಾತ್ರೆಗಳಿಗೂ ಸುಲಭಕ್ಕೆ ಬಗ್ಗದಷ್ಟು ಹಟಮಾರಿಯಾಗಿದೆ. ಅಂಗೈಯಗಲಕ್ಕಿಂತ ಹೆಚ್ಚು ಹರಡಿದ್ದರೆ, ತೊಡೆಸಂದಿಯಲ್ಲಿದ್ದರೆ ಎಣ್ಣೆಯನ್ನು ನಂಬಿ ಕೂರಬೇಡಿ, ಚರ್ಮವೈದ್ಯರನ್ನು ನೋಡಿ.

ಹೊಟ್ಟೆಗೆ ತಗೊಳ್ಳುವ ಔಷಧಿ

ಮೇಲೆ ಹಚ್ಚುವುದರಲ್ಲಿ ತಪ್ಪಾದರೆ ತೊಳೆದುಬಿಡಬಹುದು. ನುಂಗಿದ್ದನ್ನು ತೊಳೆಯುವುದಕ್ಕಾಗುವುದಿಲ್ಲ. ಅದಕ್ಕೇ ಇಲ್ಲಿಂದ ಮುಂದಿನ ಆಯ್ಕೆ ನಿಮ್ಮದಷ್ಟೇ ಆಗಬಾರದು, ಬಿಎಎಂಎಸ್ (ಆಯುರ್ವೇದ ಪದವಿ) ಓದಿದ ವೈದ್ಯರದ್ದೂ ಆಗಬೇಕು.

ಪಿತ್ತಗಂಧೆ ಪದೇ ಪದೇ ಬರುತ್ತಿದ್ದರೆ ಹೊರಗೆ ಹಚ್ಚುವುದರಿಂದ ಹೆಚ್ಚೇನೂ ಆಗದು. ಅಲ್ಲಿ ವೈದ್ಯರು ಹೆಚ್ಚಾಗಿ ಹರಿದ್ರಾಖಂಡ ಬರೆಯುತ್ತಾರೆ. ಅರಿಶಿನವನ್ನು ಹಾಲು, ತುಪ್ಪ, ಸಕ್ಕರೆಯಲ್ಲಿ ಪಾಕ ಮಾಡಿದ ಪುಡಿ ಅದು. ಸಕ್ಕರೆಯ ಪಾಲು ದೊಡ್ಡದು, ಮಧುಮೇಹ ಇರುವವರು ಮೊದಲೇ ಹೇಳಬೇಕು. ಹಳೆಯ ಇಸುಬಿಗೆ ಮಹಾಮಂಜಿಷ್ಠಾದಿ ಕಷಾಯ, ಖದಿರಾರಿಷ್ಟ, ಕಹಿಮೂಲಿಕೆಗಳ ಪಂಚತಿಕ್ತ ಘೃತ ಬರುತ್ತವೆ. ಅರಿಷ್ಟದಲ್ಲಿ ಹುದುಗಿನಿಂದ ತಾನಾಗಿ ಹುಟ್ಟಿದ ಆಲ್ಕೋಹಾಲ್ ಇರುತ್ತದೆ. ಮಕ್ಕಳಿಗೆ, ಯಕೃತ್ತಿನ ತೊಂದರೆ ಇರುವವರಿಗೆ ಅದರ ಬದಲು ಕಷಾಯ ಒಳ್ಳೆಯದು. ಪಂಚತಿಕ್ತ ಘೃತಕ್ಕೆ ಜೀರ್ಣಶಕ್ತಿ ಚೆನ್ನಾಗಿರಬೇಕು. ಹೊಟ್ಟೆ ಭಾರ, ನಾಲಿಗೆ ಮೇಲೆ ಬಿಳಿ ಲೇಪ ಇರುವವರಿಗೆ ವೈದ್ಯರು ಅದನ್ನು ಮುಂದೂಡುತ್ತಾರೆ.

ರಸೌಷಧಿಗಳು, ಅಂದರೆ ಲೋಹ, ಖನಿಜ ಸೇರಿಸಿ ಮಾಡಿದವು, ಇನ್ನೊಂದು ಗುಂಪು. ಆರೋಗ್ಯವರ್ಧಿನಿಯಲ್ಲಿ ಪಾದರಸ, ಗಂಧಕ, ತಾಮ್ರದ ಭಸ್ಮ ಇವೆ. ಪಾದರಸ, ಹರತಾಳ (ಆರ್ಸೆನಿಕ್ ಇರುವ ಖನಿಜ), ವತ್ಸನಾಭಿ (ವಿಷದ ಬೇರು) ಇಂಥ ದ್ರವ್ಯಗಳು ಔಷಧ ನಿಯಮಗಳ ಷೆಡ್ಯೂಲ್ ಇ(1) ಅನ್ನುವ ವಿಷದ್ರವ್ಯಗಳ ಪಟ್ಟಿಯಲ್ಲಿವೆ. ಅಂಥ ಔಷಧಿಯ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ತೆಗೆದುಕೊಳ್ಳಬೇಕು ಅನ್ನುವ ಎಚ್ಚರಿಕೆ ಇರಲೇಬೇಕು. ಲೇಬಲ್ ತಿರುಗಿಸಿ ಓದಿ. ಲೇಬಲ್ ಇಲ್ಲದ ಪೊಟ್ಟಣದ ಪುಡಿಯನ್ನು ಯಾರೇ ಕೊಡಲಿ, ತಗೊಳ್ಳಬೇಡಿ. 2008ರಲ್ಲಿ ಅಮೆರಿಕದ ಸಂಶೋಧಕರು ಇಂಟರ್ನೆಟ್‌ನಲ್ಲಿ ಮಾರುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು.

ಬರೀ ಗಿಡಮೂಲಿಕೆ ಅಂದ ಮಾತ್ರಕ್ಕೆ ನಿರಪಾಯ ಅಂತಲೂ ಅಲ್ಲ. ಕೋವಿಡ್ ಸಮಯದಲ್ಲಿ ಅಮೃತಬಳ್ಳಿಯನ್ನು ಸುಮ್ನೆ ದಿನಾ ಕುಡಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ಮುಂಬೈನಿಂದ ವರದಿಯಾದವು. ಬಾವಂಚಿ ಬೀಜದಲ್ಲಿರುವ ಸೋರಾಲೆನ್ ಬಿಸಿಲಿಗೆ ಸೇರಿದರೆ ಚರ್ಮ ಬೊಬ್ಬೆ ಏಳುತ್ತದೆ. ಅದನ್ನು ತೊನ್ನಿಗೆ ಅಳತೆ ಮಾಡಿ ಕೊಡುವುದೇ ಬೇರೆ, ತುರಿಕೆಗೆ ಅಂತ ಮನೆಯಲ್ಲಿ ಹಚ್ಚಿಕೊಳ್ಳುವುದೇ ಬೇರೆ.

ಪಂಚಕರ್ಮ ಯಾರಿಗೆ?

ಪಂಚಕರ್ಮ ಅಂದರೆ ದೇಹವನ್ನು ಒಳಗಿಂದ ಶುದ್ಧಿ ಮಾಡುವ ಚಿಕಿತ್ಸೆಗಳು, ಅಂದರೆ ಶೋಧನೆ. ಚರಕ ಸಂಹಿತೆ ಇಲ್ಲಿ ಬಹಳ ನೇರ. ಚರ್ಮರೋಗದಲ್ಲಿ ವಾತ ಮುಂದಿದ್ದರೆ ಮೊದಲು ಔಷಧಿಯ ತುಪ್ಪ, ಕಫ ಮುಂದಿದ್ದರೆ ವಮನ (ವಾಂತಿ ಮಾಡಿಸುವುದು), ಪಿತ್ತ ಮುಂದಿದ್ದರೆ ವಿರೇಚನ (ಭೇದಿ ಮಾಡಿಸುವುದು) ಮತ್ತು ರಕ್ತಮೋಕ್ಷಣ (ರಕ್ತ ತೆಗೆಯುವುದು). ಎಲ್ಲರಿಗೂ ಒಂದೇ ಪ್ಯಾಕೇಜ್ ಅಂತ ಎಲ್ಲೂ ಹೇಳಿಲ್ಲ.

ನಿಜವಾದ ವಿರೇಚನ ಅಂದರೆ ಒಂದು ದಿನದ ಭೇದಿಯಲ್ಲ. ಮೂರರಿಂದ ಏಳು ದಿನ ಏರುಪ್ರಮಾಣದಲ್ಲಿ ತುಪ್ಪ ಕುಡಿಸುತ್ತಾರೆ. ಆಮೇಲೆ ಎಣ್ಣೆ ತಿಕ್ಕಿ ಬೆವರಿಸುತ್ತಾರೆ. ಆಮೇಲೆ ಭೇದಿಯ ಔಷಧಿ. ಆಮೇಲೆ ಗಂಜಿಯಿಂದ ಶುರುಮಾಡಿ ಮೆಲ್ಲಗೆ ಮಾಮೂಲಿ ಊಟಕ್ಕೆ ತರುತ್ತಾರೆ. ಎರಡು ವಾರ ಬಿಡುವು ಬೇಕು. ವಾರಾಂತ್ಯದಲ್ಲಿ ಮುಗಿಸಿಕೊಡುತ್ತೇವೆ ಅನ್ನುವವರು ಬೇರೇನೋ ಮಾರುತ್ತಿದ್ದಾರೆ.

ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಾಡಿದ, ಔಷಧಿ ನಿಲ್ಲಿಸಿದ ಕೂಡಲೇ ಮರಳುವ ಇಸುಬಿಗೆ ಇದನ್ನು ಯೋಚಿಸಬಹುದು. ಒಂದೇ ಜಾಗದಲ್ಲಿ ಕಪ್ಪಾಗಿ ದಪ್ಪಗಟ್ಟಿದ್ದಕ್ಕೆ ಜಿಗಣೆ ಹಚ್ಚಿಸುವುದುಂಟು. ಆದರೆ ರಕ್ತ ತೆಳುಮಾಡುವ ಮಾತ್ರೆ ನುಂಗುವವರಿಗೆ, ರಕ್ತಹೀನತೆ ಇರುವವರಿಗೆ ಜಿಗಣೆ ಬೇಡ. ಜಿಗಣೆಯ ಹೊಟ್ಟೆಯಲ್ಲಿರುವ ಏರೋಮೋನಾಸ್ ಬ್ಯಾಕ್ಟೀರಿಯಾದಿಂದ ಸೋಂಕು ತಗಲಬಹುದು, ಹಾಗಾಗಿ ಶುಚಿಯಾದ ಆಸ್ಪತ್ರೆಯಲ್ಲೇ ಆಗಬೇಕು. ಒಬ್ಬರಿಗೆ ಹಚ್ಚಿದ ಜಿಗಣೆ ಇನ್ನೊಬ್ಬರಿಗೆ ಬಳಸಬಾರದು. ಗರ್ಭಿಣಿಯರಿಗೆ, ಮಕ್ಕಳಿಗೆ, ತುಂಬಾ ನಿಶ್ಶಕ್ತರಿಗೆ ಶೋಧನೆ ಸಲ್ಲದು. ಮೊನ್ನೆ ಎದ್ದ ದದ್ದಿಗಂತೂ ಇದರ ಅಗತ್ಯವೇ ಇಲ್ಲ.

ಆರಿಸಿದ ಮೇಲೆ

ಹಚ್ಚುವುದು ಏನೇ ಇರಲಿ, ಮೊದಲು ಮೊಣಕೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಎರಡು ದಿನ ನೋಡಿ. ಅರಿಶಿನ, ಬೇವಿಗೂ ಕೆಲವರಿಗೆ ಅಲರ್ಜಿ ಆಗುತ್ತದೆ. ಬೆಳ್ಳುಳ್ಳಿ ಅರೆದು ಕಟ್ಟುವುದು, ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗುವುದು ಚರ್ಮವನ್ನು ಸುಡುತ್ತವೆ. ಇವುಗಳನ್ನು ಯಾವ ದದ್ದಿಗೂ ಬಳಸಬೇಡಿ.

ಹರ್ಬಲ್ ಅಂತ ಬರೆದ ಕ್ರೀಮ್ ಹಚ್ಚಿದ ಎರಡೇ ದಿನದಲ್ಲಿ ಎಲ್ಲ ಮಾಯವಾಗಿ, ಬಿಟ್ಟ ಕೂಡಲೇ ಮೊದಲಿಗಿಂತ ಜೋರಾಗಿ ಬಂದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರಬಹುದು. ಹುಳುಕಡ್ಡಿಗೆ ಹಚ್ಚಿದ್ದರಂತೂ ಉಂಗುರದ ಗುರುತೇ ಅಳಿಸಿ, ರೋಗ ಒಳಗೊಳಗೇ ಹರಡುತ್ತದೆ. ಡಬ್ಬಿ ಸಮೇತ ವೈದ್ಯರಿಗೆ ತೋರಿಸಿ. ಹಾಗೆಯೇ, ಈಗಾಗಲೇ ವೈದ್ಯರು ಕೊಟ್ಟ ಸ್ಟೀರಾಯ್ಡ್ ಅಥವಾ ಬೇರೆ ಮಾತ್ರೆ ನಡೆಯುತ್ತಿದ್ದರೆ ಆಯುರ್ವೇದ ಶುರುಮಾಡಿದೆ ಅಂತ ಥಟ್ಟನೆ ನಿಲ್ಲಿಸಬೇಡಿ. ಇಬ್ಬರು ವೈದ್ಯರಿಗೂ ಎರಡೂ ಪಟ್ಟಿ ಗೊತ್ತಿರಲಿ.

ದಿನಾ ಒಂದೇ ಹೊತ್ತಿಗೆ, ಒಂದೇ ಬೆಳಕಿನಲ್ಲಿ ದದ್ದಿನ ಫೋಟೋ ತೆಗೆಯಿರಿ. ಗುಣವಾಗುತ್ತಿದೆಯೋ ಇಲ್ಲವೋ ಅನ್ನುವುದಕ್ಕೆ ನೆನಪಿಗಿಂತ ಅದು ಒಳ್ಳೆಯ ಸಾಕ್ಷಿ. ಒಟ್ಟಿಗೆ ಮೂರು ವಿಧಾನ ಶುರುಮಾಡಬೇಡಿ, ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ಗೊತ್ತಾಗುವುದಿಲ್ಲ. ನಾನು ಇಟ್ಟುಕೊಳ್ಳುವ ಗಡುವು ಹೀಗೆ: ಬೆವರುಸಾಲೆಗೆ ಲೇಪ ನಾಲ್ಕು ದಿನ, ಒಸರುವ ದದ್ದಿಗೆ ಕಷಾಯದ ಬಟ್ಟೆ ಮೂರು ದಿನ, ಒಣ ಇಸುಬಿಗೆ ಎಣ್ಣೆ ಎರಡು ವಾರ. ಅಷ್ಟರಲ್ಲಿ ಫೋಟೋದಲ್ಲಿ ವ್ಯತ್ಯಾಸ ಕಾಣದಿದ್ದರೆ ಮೂಲಿಕೆ ಬದಲಿಸುತ್ತಾ ಹೋಗಬೇಡಿ, ವೈದ್ಯರ ಬಳಿ ಹೋಗಿ. ಚಿಕ್ಕ ಮಕ್ಕಳಿಗಾದರೆ ಈ ಗಡುವನ್ನು ಅರ್ಧ ಮಾಡಿಕೊಳ್ಳಿ. ಜ್ವರ ಬಂದರೆ ಗಡುವೇ ಇಲ್ಲ, ಆವತ್ತೇ ಹೋಗಿ.